ಕೊಂಗಸಂದ್ರದ ಕೆರೆಯ ಕರಿ ಹಕ್ಕಿ

1939ನೆಯ ಇಸವಿ ಜನವರಿ 23, ಸೋಮವಾರ. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಮುಳಬಾಗಿಲು ಪೊಲೀಸ್ ಠಾಣೆಯ ಮೆಟ್ಟಿಲ ಬಳಿ ಒಬ್ಬ ಹೆಂಗಸು ಬಂದು ನಿಂತಳು. ಜೊತೆಯಲ್ಲಿ ಅವಳ ಮೈದುನ ಆವಲಪ್ಪ ಇದ್ದ. ಇಬ್ಬರ ಕಾಲಿಗೂ ಮೊಣಕಾಲಿನವರೆಗೆ ಕೆರೆಯ ಕೆಸರು ಮೆತ್ತಿ ಒಣಗಿತ್ತು.

ಬಾಗಿಲಲ್ಲಿ ಕೂತಿದ್ದ ದಫೇದಾರ್ ಆಂಜಿನಪ್ಪ ಕೇಳಿದರು: "ಯಾರಮ್ಮಾ? ಏನಾಗ್ಬೇಕು?"

"ದೊರೆ ಹತ್ರ ಮಾತಾಡ್ಬೇಕು."

"ದೊರೆ ಮೈಸೂರಲ್ಲವ್ರೆ. ಇಲ್ಲಿರೋದು ಇನ್‌ಸ್ಪೆಕ್ಟರು. ಆಗ್ತದಾ?"

ಹೆಂಗಸು ನಗಲಿಲ್ಲ. ಆಂಜಿನಪ್ಪನವರಿಗೆ ತಾವು ಆಡಿದ ಮಾತು ತಮಗೇ ಚುಚ್ಚಿತು. ಎದ್ದು ಒಳಗೆ ಕರೆದುಕೊಂಡು ಹೋದರು.

ಇನ್‌ಸ್ಪೆಕ್ಟರ್ ಚನ್ನರಾಯಪ್ಪ ಮಿತಭಾಷಿ. ಕುರ್ಚಿ ತೋರಿಸಿದರು. ಅವಳು ನೆಲದ ಮೇಲೆ ಕೂತಳು.

"ನನ್ನೆಸ್ರು ಮುತ್ಯಾಲಮ್ಮ, ಸಾಮಿ. ಕೊಂಗಸಂದ್ರ. ನನ್ ಗಂಡ ಗಂಗುಲಪ್ಪ, ಕೆರೆ ನೀರಗಂಟಿ. ನಿನ್ನೆ ಮನೇಗೆ ಬರ್ಲಿಲ್ಲ. ಇವತ್ತು ಬೆಳಿಗ್ಗೆ ಕೆರೇಲಿ, ಜಾಲಿಮರದ ಬುಡದಾಗೆ ಸಿಕ್ಕಿದ."

"ಮುಳುಗಿ ಸತ್ತನೇ?"

"ಸತ್ತಿದ್ದು ನನ್ ಹಣೇಲಿ ಬರ್ದಿತ್ತು ಅನ್ಕೊಂತೀನಿ. ಆದ್ರೆ ಊರೋರು ಅವನ್ನ ಕಳ್ಳ ಅಂತಾವ್ರೆ. ಹಕ್ಕಿ ಮರಿ ಕದಿಯೋಕೆ ಮರ ಹತ್ತಿದ್ನಂತೆ. ಇಪ್ಪತ್ತು ವರ್ಷ ಆ ಹಕ್ಕಿಗಳ್ನ ಕಾಯ್ದೋನು! ಅದನ್ನ ಬರ್ಕೊಳ್ಳಿ ಸಾಮಿ. ಅವನು ಕಳ್ಳ ಆಗಿದ್ದು ಹೆಂಗೆ ಅಂತ ಕಂಡಿಡೀರಿ."

ಆವಲಪ್ಪ ಮೆಲ್ಲಗೆ ಹೇಳಿದ: "ನಮ್ ವಂಶದೋರ್ನೆಲ್ಲಾ ಕೋಡಿ ಪಕ್ಕದಲ್ಲೇ ಮಣ್ಣು ಮಾಡೋದು, ಸಾರ್. ಇವನಿಗೆ ಆ ಜಾಗ ಇಲ್ಲ ಅಂದ್ಬಿಟ್ರು ಪಟೇಲ್ರು."

ಚನ್ನರಾಯಪ್ಪ ಅಸ್ವಾಭಾವಿಕ ಮರಣವೆಂದು ಎಫ್.ಐ.ಆರ್. ಬರೆಸಿ, ಹೆಬ್ಬೆಟ್ಟು ಒತ್ತಿಸಿಕೊಂಡರು. ಹೆಣದ ಫೋಟೋ ತೆಗೆಯಲು ಕೋಲಾರದ ವೆಂಕಟರಾಯಪ್ಪನನ್ನು ಕಳುಹಿಸಿಕೊಡುವಂತೆ ಅಲ್ಲಿನ ಠಾಣೆಗೆ ತಂತಿ ಕೊಟ್ಟರು. ಸುತ್ತಲ ಠಾಣೆಗಳಿಗೆಲ್ಲ ಇಂಥ ಕೆಲಸಕ್ಕೆ ಒದಗುತ್ತಿದ್ದವನು ಅವನೊಬ್ಬನೇ.

*

ಕೊಂಗಸಂದ್ರ ಇರುವುದು ದೇವರಾಯಸಮುದ್ರದಿಂದ ಎರಡು ಮೈಲಿ ಒಳಗೆ. ಕೆರೆ ದೊಡ್ಡದು. ನೀರಿನ ನಡುವೆ ಜಾಲಿಮರಗಳು ತೋಪಿನ ಹಾಗೆ ನಿಂತಿವೆ. ಪ್ರತಿ ವರ್ಷ ಕೆರೆ ತುಂಬಿದ ಮೇಲೆ ಬಣ್ಣದ ಕೊಕ್ಕರೆಗಳು ಎಲ್ಲಿಂದಲೋ ಬಂದು ಆ ಮರಗಳಲ್ಲಿ ಗೂಡು ಕಟ್ಟುತ್ತವೆ. ಆ ಕಡೆಯವರು ಅವನ್ನು ತೆಲುಗಿನಲ್ಲಿ ಕೊಂಗ ಎನ್ನುತ್ತಾರೆ. ಸರ್ಕಾರದವರು ಅಲ್ಲಿ ಬೇಟೆ ಕೂಡದೆಂದು ಹಲಗೆ ನೆಟ್ಟು, ಕೆರೆಯನ್ನು ಕಾಯ್ದಿಟ್ಟ ಜಾಗವೆಂದು ಸಾರಿದ್ದರು. ಆದರೆ ಹಲಗೆ ಬರುವುದಕ್ಕೆ ಬಹಳ ಹಿಂದಿನಿಂದಲೂ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಅದಕ್ಕೆ ಮರಿಕಟ್ಟು ಎಂದು ಹೆಸರು. ಮೊದಲ ಗೂಡು ಕಂಡ ದಿನದಿಂದ ಮರಿಗಳು ಹಾರುವವರೆಗೆ ಏರಿಯ ಮೇಲೆ ತಮಟೆ ಬಾರಿಸುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಮದುವೆಯ ದಿಬ್ಬಣ ಬಂದರೂ ಓಲಗದವರು ಏರಿ ದಾಟುವವರೆಗೆ ಬಾಯಿಂದ ಪೀಪಿ ತೆಗೆಯಬೇಕು. ಗೂಡಿನ ಮರ ಮುಟ್ಟಿದವರ ಮನೆಗೆ ಊರಿನಲ್ಲಿ ಬೆಂಕಿ ನೀರು ಬಂದ್. ಇದನ್ನೆಲ್ಲ ನೋಡಿಕೊಳ್ಳುವುದು ತೂಬು ತೆಗೆದು ಗದ್ದೆಗೆ ನೀರು ಬಿಡುವ ನೀರಗಂಟಿಯ ಕೆಲಸ.

ಮಧ್ಯಾಹ್ನ ಪಂಚರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಗಂಗುಲಪ್ಪನ ದೇಹವನ್ನು ಏರಿಯ ಮೇಲೆ ಮಲಗಿಸಿದ್ದರು. ವಯಸ್ಸು ಐವತ್ತರ ಹತ್ತಿರ. ಬಲಗಾಲಿಗೆ ಮುಳ್ಳುಕಂಟಿ ಸುತ್ತಿದ ಗಾಯ. ಉಗುರುಗಳಲ್ಲಿ ಕೆಸರು, ತೊಗಟೆಯ ಚೂರು. ತಲೆಯ ಕೆಂಪು ರುಮಾಲು ಜಾರಿ ಕುತ್ತಿಗೆಗೆ ಬಿದ್ದಿತ್ತು. ಸೊಂಟಕ್ಕೆ ಬಿಗಿದಿದ್ದ ವಲ್ಲಿಬಟ್ಟೆಯ ಮಡಿಕೆಯಲ್ಲಿ ಒಂದು ಕೊಕ್ಕರೆ ಮರಿ, ಸತ್ತದ್ದು.

"ಅಗೋ ನೋಡಿ ಸಾರ್," ಎಂದರು ಪಟೇಲ್ ಮುನಿರಾಮಪ್ಪ. ದನಿಯಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು. "ನಾನೇನು ಹಗೆತನಕ್ಕೆ ಹೇಳ್ತಿಲ್ಲ. ಗಂಗುಲು ನಾನು ಒಂದೇ ಗೋಲಿ ಗುಂಡೀಲಿ ಆಡಿದೋರು. ಆದ್ರೆ ಮಡಿಲಲ್ಲಿ ಮರಿ ಸಿಕ್ತಲ್ಲ. ಮೇಲೆ ಕೊಂಬೆ ಮುರಿದೈತೆ. ಬೇರೆಯೋನಾಗಿದ್ರೆ ಬಿಡ್ತಿದ್ವಾ? ಸ್ನೇಹಿತ ಅಂತ ನಾನು ಬಿಟ್ರೆ ಊರು ನನ್ ಮುಖಕ್ಕೆ ಉಗೀತದೆ."

"ಅವನು ಮರಿಯನ್ನು ತೆಗೆದುಕೊಂಡು ಏನು ಮಾಡುತ್ತಿದ್ದ?"

"ಅದೇ ಗೊತ್ತಾಗ್ಲಿಲ್ಲ, ಸಾರ್. ಕೊಂಗನ ಮರೀನ ಯಾರೂ ತಿನ್ನಲ್ಲ."

"ಗೊತ್ತಾಗದೆ ಕಳ್ಳ ಅಂದಿರಿ."



ಆಂಜಿನಪ್ಪ ಮರದ ಸುತ್ತ ತೆಪ್ಪದಲ್ಲಿ ಹೋಗಿ ಬಂದು ವರದಿ ಹೇಳಿದರು. ಮರಗಳ ಕೆಳಗೆ ಇನ್ನೂ ಹಲವು ಮರಿಗಳು ಸತ್ತು ತೇಲುತ್ತಿವೆ. ಒಂದಕ್ಕೂ ಗಾಯವಿಲ್ಲ. ಏರಿಯ ಪೂರ್ವದ ತುದಿಯಲ್ಲಿ ಹುಲ್ಲು ಸುಟ್ಟ ಒಂದು ಗುರುತು, ಅರ್ಧ ಸುಟ್ಟ ದಪ್ಪ ಕಾಗದದ ಸುರುಳಿ, ಸ್ವಲ್ಪ ಹುರಿ ಸಿಕ್ಕಿದವು. ಅಲ್ಲೇ ಪಕ್ಕದ ಮೆದು ಮಣ್ಣಿನಲ್ಲಿ ಮೂರು ಮೊನೆಗಳು ಊರಿದ್ದ ಗುರುತು. ಎಲ್ಲವನ್ನೂ ಪಂಚನಾಮೆಯಲ್ಲಿ ನಮೂದಿಸಿ, ಕಾಗದವನ್ನೂ ಹುರಿಯನ್ನೂ ವಶಪಡಿಸಿಕೊಂಡರು.

"ನಿನ್ನೆ ಇಲ್ಲಿಗೆ ಯಾರು ಬಂದಿದ್ದರು?"

"ಕೋಲಾರದಿಂದ ಪಟ ತೆಗೆಯೋರ ಗುಂಪು," ಎಂದರು ಪಟೇಲರು. "ಹಕ್ಕಿ ಪಟ ತೆಗೀಬೇಕು ಅಂತ ಕೇಳಿದ್ರು. ಗಂಗುಲು ಜೊತೇಲಿರ್ಲಿ ಅಂತ ಒಪ್ಪಿದ್ದೆ. ನಾವೆಲ್ಲಾ ದೇವರಾಯಸಮುದ್ರಕ್ಕೆ ಮದುವೆಗೆ ಹೋಗಿದ್ವಿ. ಊರು ಊರೇ ಖಾಲಿ."

ಅಷ್ಟರಲ್ಲಿ ಬಸ್ಸಿಳಿದು ನಡೆದು ಬಂದ ವೆಂಕಟರಾಯಪ್ಪ ಪೆಟ್ಟಿಗೆಯನ್ನೂ ಮುಕ್ಕಾಲಿಯನ್ನೂ ಏರಿಯ ಮೇಲೆ ಇಳಿಸಿದ. ನಲವತ್ತೈದರ ಆಸುಪಾಸು, ಸಣಕಲು ಮನುಷ್ಯ, ಕೋಲಾರದ ಪೇಟೆಯಲ್ಲಿ ಒಂದು ಸ್ಟುಡಿಯೋ. ಅವನನ್ನು ಕಂಡ ಪಟೇಲರು, "ಇವ್ರೇ ಸಾರ್, ಇವ್ರೇ ಗುಂಪು ಕರ್ಕೊಂಡು ಬಂದಿದ್ದು," ಎಂದುಬಿಟ್ಟರು.

"ಹೌದು ಸಾರ್, ನಾವು ಬಂದಿದ್ದೆವು," ಎಂದ ವೆಂಕಟರಾಯಪ್ಪ. "ತಂತಿ ವಿಷಯ ಕೇಳಿದಾಗ ಸತ್ತವನು ಇವನೇ ಅಂತ ಗೊತ್ತಾಗಲಿಲ್ಲ."

"ಎಷ್ಟು ಜನ?"

"ಮೂವರು. ನಾನು, ಹೆಣ್ಣುಮಕ್ಕಳ ಶಾಲೆ ಹೆಡ್ ಮೇಡಂ ಶಾಮಲಮ್ಮನವರು, ಚಿನ್ನದ ಗಣಿ ಆಫೀಸಿನ ಕದಿರೇಶ."

"ಗಂಗುಲಪ್ಪನನ್ನು ಕಡೆಯ ಸಲ ನೋಡಿದ್ದು?"

"ತೂಬಿನ ಹತ್ತಿರ ಕೂತು ಬೀಡಿ ಸೇದುತ್ತಿದ್ದ. ನಾವು ಊಟಕ್ಕೆ ಏರಿ ಕೆಳಗಿನ ಮಂಟಪಕ್ಕೆ ಹೋದೆವು."

"ಆಮೇಲೆ?"

"ಕಾಣಲಿಲ್ಲ ಸಾರ್. ಊರೊಳಕ್ಕೆ ಹೋದ ಅಂದುಕೊಂಡೆವು."

ಅವನು ಕ್ಯಾಮೆರಾ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಹೆಣದ ಎರಡು ಪಟ ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದ. ಮುತ್ಯಾಲಮ್ಮ ಹುಣಸೆಮರದ ಕೆಳಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವನು ಮರೆಯಾದ ಮೇಲೆ ಎದ್ದು ಬಂದಳು.

"ಬೀಡೀನಾ, ಸಾಮಿ? ಅವ್ನು ಹೊಗೆಸೊಪ್ಪು ಜಗೀತಿದ್ದ. ಬೀಡಿ ಸೇದ್ತಿರ್ಲಿಲ್ಲ. ಸೇದೋನೇ ಆದ್ರೂ ಮರಿಕಟ್ಟಲ್ಲಿ ಏರಿ ಮೇಲೆ ಬೆಂಕಿ ಕಡ್ಡಿ ಗೀರ್ತಾನಾ?"

ದೇಹವನ್ನು ಮುಳಬಾಗಿಲು ಆಸ್ಪತ್ರೆಗೆ ಸಾಗಿಸಿದರು. ಶವಪರೀಕ್ಷೆ ಮಾಡಿದ ಡಾಕ್ಟರು ಮಾರನೆಯ ದಿನ ಬರೆದುಕೊಟ್ಟದ್ದು ಇಷ್ಟು: ನೀರು ಕುಡಿದು ಸಾವು. ಎತ್ತರದಿಂದ ಬಿದ್ದು ಕಾಲು ಮುಳ್ಳಿನಲ್ಲಿ ಸಿಕ್ಕಿಕೊಂಡಿದೆ. ಬಿದ್ದ ಕೂಡಲೇ ಸತ್ತದ್ದಲ್ಲ, ಬಿಡಿಸಿಕೊಳ್ಳಲು ಒದ್ದಾಡಿದ್ದಾನೆ. ಹೊಟ್ಟೆಯಲ್ಲಿ ಹೆಂಡದ ವಾಸನೆ ಇಲ್ಲ.

ಗಂಗುಲಪ್ಪನನ್ನು ರಸ್ತೆಯಾಚೆಯ ಬಂಜರಿನಲ್ಲಿ ಹೂಳಿದರು. ಮಣ್ಣಿಗೆ ಊರಿನವರು ಯಾರೂ ಬರಲಿಲ್ಲ. ದಫೇದಾರ್ ಆಂಜಿನಪ್ಪ ಸರ್ಕಾರಿ ಕೆಲಸದ ನೆಪ ಮಾಡಿಕೊಂಡು ಹೋಗಿ, ಆವಲಪ್ಪನ ಜೊತೆ ಹೆಗಲು ಕೊಟ್ಟು ಬಂದರು.

*

ಹೆಣದ ಫೋಟೋಗಳು ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದವು. ಎರಡೂ ಮಸುಕಾಗಿದ್ದವು. ಮುಖ ಒಂದಕ್ಕೆ ಎರಡಾಗಿ ಕಾಣುತ್ತಿತ್ತು.

ಆಂಜಿನಪ್ಪ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. "ಇದೇನ್ ಸಾರ್, ಸತ್ತೋರೂ ಅಲ್ಲಾಡ್ತಾರಾ?"

"ಅಲ್ಲಾಡಿದ್ದು ಅವನಲ್ಲ," ಎಂದರು ಚನ್ನರಾಯಪ್ಪ. "ಇಷ್ಟು ವರ್ಷದಲ್ಲಿ ವೆಂಕಟರಾಯಪ್ಪ ಒಂದು ಪಟವನ್ನೂ ಕೆಡಿಸಿಲ್ಲ. ಕೊಳೆತ ಹೆಣದ ಮುಂದೆ ನಿಂತೂ ಕೆಡಿಸಿಲ್ಲ. ನಡೀರಿ, ಕೋಲಾರಕ್ಕೆ ಹೋಗೋಣ."

ಶಾಮಲಮ್ಮನವರು ಶಾಲೆಯ ಹಿಂದಿನ ಕೋಣೆಯಲ್ಲಿ ಭೇಟಿಯಾದರು. ದಪ್ಪ ಕನ್ನಡಕ, ಜೋರು ದನಿ. ಗಂಗುಲಪ್ಪ ಸತ್ತ ಸುದ್ದಿ ಕೇಳಿ ಅವರ ಜೋರೆಲ್ಲ ಇಳಿದುಹೋಯಿತು.

"ಅಯ್ಯೋ, ಆ ಮನುಷ್ಯನಾ? ಬೆಳಿಗ್ಗೆ ನಮಗೆ ಒಂದೊಂದು ಗೂಡೂ ತೋರಿಸಿದ ಇನ್‌ಸ್ಪೆಕ್ಟರೇ. 'ಮೇಡಮ್ಮೋರೇ, ಮೆತ್ತಗೆ ಮಾತಾಡಿ, ಒಳಗೆ ಕೂಸವೆ' ಅಂತ ನನಗೇ ಗದರಿದ. ನನ್ನನ್ನ ಗದರೋ ಧೈರ್ಯ ನಮ್ಮ ಮನೆಯವರಿಗೂ ಇಲ್ಲ."

"ಊಟಕ್ಕೆ ಎಲ್ಲರೂ ಒಟ್ಟಿಗೆ ಹೋದಿರಾ?"

"ನಾನು, ಕದಿರೇಶ ಮುಂಚೆ ಹೋದ್ವಿ. ವೆಂಕಟರಾಯಪ್ಪ ಏರಿಯ ಆ ತುದಿಯಲ್ಲಿದ್ರು. ತುಂಬಾ ಹೊತ್ತಾದ ಮೇಲೆ ಬಂದ್ರು."

"ಒಬ್ಬರೇ?"

"ಒಬ್ಬರೇ. ಗಂಗುಲಪ್ಪ ಎಲ್ಲಿ ಅಂದೆ. ಊರೊಳಕ್ಕೆ ಹೋದ, ಬರಲ್ಲ ಅಂದ್ರು. ಅವನಿಗೆ ಅಂತ ಎಲೆಯಲ್ಲಿ ಚಿತ್ರಾನ್ನ ಕಟ್ಟಿಟ್ಟಿದ್ದೆ." ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಕೆಟ್ಟುಹೋಗುತ್ತೆ ಅಂತ ನಾವೇ ಹಂಚಿಕೊಂಡು ತಿಂದ್ವಿ."

"ವೆಂಕಟರಾಯಪ್ಪ ತಿಂದರೇ?"

"ಇಲ್ಲ. ತಲೆನೋವು ಅಂದ್ರು."

ಭಾನುವಾರ ಬೆಳಿಗ್ಗೆ ವೆಂಕಟರಾಯಪ್ಪ ಎಲ್ಲರನ್ನೂ ನಿಲ್ಲಿಸಿ ತೆಗೆದಿದ್ದ ಗುಂಪಿನ ಫೋಟೋ ಅವರ ಮೇಜಿನ ಮೇಲಿತ್ತು. ಅಂಚಿನಲ್ಲಿ ಗಂಗುಲಪ್ಪ ನಾಚಿಕೊಂಡು ನಿಂತಿದ್ದ. ಚನ್ನರಾಯಪ್ಪ ಫೋಟೋವನ್ನು ಹತ್ತಿರಕ್ಕೆ ತಂದುಕೊಂಡರು.

"ಇವನ ರುಮಾಲು ಕಪ್ಪಾಗಿದೆ. ಹೆಣದ ಮೇಲಿದ್ದದ್ದು ಕೆಂಪು."

"ಅದೇ ರುಮಾಲು ಇನ್‌ಸ್ಪೆಕ್ಟರೇ. ಈ ಪ್ಲೇಟುಗಳಿಗೆ ಕೆಂಪು ಕಾಣೋದೇ ಇಲ್ಲ. ಅದಕ್ಕೇ ಅಲ್ವಾ ಕತ್ತಲೆ ಕೋಣೇಲಿ ಕೆಂಪು ದೀಪ ಇಟ್ಕೊಳ್ಳೋದು? ಕೆಂಪೆಲ್ಲಾ ಕಪ್ಪಾಗಿ ಬೀಳುತ್ತೆ. ಹೋದ ವರ್ಷ ಗೌರಿ ಹಬ್ಬದಲ್ಲಿ ಕೆಂಪು ಸೀರೆ ಉಟ್ಟು ಪಟ ತೆಗೆಸಿಕೊಂಡೆ. ನಮ್ಮತ್ತೆ ಫೋಟೋ ನೋಡಿ, ಹಬ್ಬದ ದಿನ ಕರೀ ಸೀರೆ ಉಟ್ಟಿದ್ದಾಳೆ ಅಂತ ಮೂರು ದಿನ ಮಾತು ಬಿಟ್ಟಿದ್ರು."

ಆಂಜಿನಪ್ಪ ನಗು ತಡೆದುಕೊಳ್ಳಲು ಕಿಟಕಿಯ ಕಡೆ ತಿರುಗಿದರು.

ಕದಿರೇಶ ಗಣಿ ಆಫೀಸಿನಿಂದ ಸಂಜೆ ಮನೆಗೆ ಬಂದ. ಮೂವತ್ತರ ಹರೆಯ. ಪೊಲೀಸರನ್ನು ಕಂಡು ಬೆವರತೊಡಗಿದ.

"ಊಟಕ್ಕೆ ಕೂತಾಗ ಏನಾದರೂ ಸದ್ದು ಕೇಳಿತೇ?"

"ಸದ್ದಾ? ಒಂದು ಢಮಾರ್ ಕೇಳಿಸ್ತು ಸಾರ್. ಅಷ್ಟೇ."

"ಅಷ್ಟೇ ಎಂದರೆ?"

"ನಮ್ಮ ಕಿವಿ ಬೇರೆ ಸಾರ್. ನಾನು ಹುಟ್ಟಿದ್ದೇ ಗಣಿ ಲೈನಲ್ಲಿ. ದಿನಾ ನೆಲದಡಿ ಮದ್ದು ಸಿಡೀತದೆ, ತಟ್ಟೆ ಅಲ್ಲಾಡ್ತದೆ, ನಾವು ಅನ್ನ ತಿಂತಿರ್ತೀವಿ. ಕೆರೆ ಹಿಂದುಗಡೆ ಗುಡ್ಡದಲ್ಲಿ ಕಲ್ಲು ಒಡೆಯೋರು ಇದ್ರು. ಅವರ ಮದ್ದು ಅಂದ್ಕೊಂಡೆ. ಮೇಡಂ ಬೆಚ್ಚಿಬಿದ್ರು. 'ಏನಿಲ್ಲ ಮೇಡಂ, ಬಂಡೆ' ಅಂತ ನಾನೇ ಹೇಳ್ದೆ."

"ಆಮೇಲೆ ಕೆರೆಯ ಕಡೆ ನೋಡಿದಿರಾ?"

"ಹಕ್ಕಿ ಎಲ್ಲಾ ಮೇಲೆದ್ದಿತ್ತು ಸಾರ್, ಆಕಾಶ ತುಂಬಾ. ವೆಂಕಟರಾಯಪ್ಪನೋರಿಗೆ ಒಳ್ಳೇ ಚಾನ್ಸು ಅಂದ್ಕೊಂಡು ಮತ್ತೆ ಅನ್ನ ಕಲಸ್ದೆ." ಅವನು ತಲೆ ತಗ್ಗಿಸಿದ. "ಎದ್ದು ಹೋಗಿ ನೋಡಿದ್ರೆ ಏನಾಗ್ತಿತ್ತು ಸಾರ್? ಹತ್ತು ಹೆಜ್ಜೆ ಹೋಗಿದ್ರೆ ಕೆರೆ ಕಾಣ್ತಿತ್ತು."



*

26ನೆಯ ತಾರೀಖು ಗುರುವಾರ, ಬಿಸಿಲೇರುವ ಮುಂಚೆಯೇ ಚನ್ನರಾಯಪ್ಪ ಕೆರೆಯ ಹಿಂದಿನ ಗುಡ್ಡ ಹತ್ತಿದರು. ಅಲ್ಲಿ ಕಲ್ಲು ಒಡೆಯುವವರ ಮೇಸ್ತ್ರಿ ಬಂಡೆಯ ಮೇಲೆ ಕೂತು ಉಳಿ ಮಸೆಯುತ್ತಿದ್ದ.

"ಭಾನುವಾರ ಮಧ್ಯಾಹ್ನ ಮದ್ದು ಸಿಡಿಸಿದಿರಾ?"

"ಮದ್ದಾ? ರಾಮ ರಾಮ! ಕೊಂಗಲು ಗೂಡು ಕಟ್ಟಿರೋವಾಗ ಮದ್ದು ಇಡೋದಾ ಸಾಮೀ? ತಪ್ಪು ಕದಾ!" ಮೇಸ್ತ್ರಿ ಸುತ್ತಲ ಬಂಡೆಗಳನ್ನು ತೋರಿಸಿದ. ಅವುಗಳ ಮೇಲೆ ಬೆಂಕಿ ಹಾಕಿದ ಕಪ್ಪು ಕಲೆಗಳಿದ್ದವು. "ಗೂಡು ಬಿದ್ದ ದಿನದಿಂದ ಬರೀ ಬೆಂಕಿ ಹಾಕಿ, ಉಳಿ ಬಡಿದು ಬಂಡೆ ಎಬ್ಬಿಸ್ತೀವಿ. ಕೂಲಿ ಅರ್ಧ ಗಿಟ್ಟಲ್ಲ. ಏನ್ ಮಾಡೋದು, ಅವಕ್ಕೂ ಪಿಲ್ಲಲು ಅವೆ, ನಮಗೂ ಮಕ್ಕಳು ಮರಿ ಅವೆ."

"ಭಾನುವಾರ ಸದ್ದು ಕೇಳಿದ್ದು ಸುಳ್ಳೇ?"

"ಸುಳ್ಳಲ್ಲ. ನಮಗೂ ಕೇಳಿಸ್ತು. ಮದುವೇಲಿ ಹಾರಿಸ್ತಾರಲ್ಲ, ಔಟು, ಅದರ ಸದ್ದು. ದೇವರಾಯಸಮುದ್ರದ ಮದುವೆ ಅಂದ್ಕೊಂಡ್ವಿ. ಇಷ್ಟು ಹತ್ರ ಕೇಳಿಸ್ತದಲ್ಲಾ ಅಂತ ನಮ್ಮೋಳು ಅಂದ್ಲು."

ಗುಡ್ಡ ಇಳಿಯುವಾಗ ಆಂಜಿನಪ್ಪ ಹೇಳಿದರು: "ಸುತ್ತಲಿನೋರೆಲ್ಲಾ ಕೇಳಿಸ್ಕೊಂಡವ್ರೆ ಸಾರ್. ಎಲ್ರೂ ಬೇರೆಯೋರ ಲೆಕ್ಕಕ್ಕೆ ಹಾಕ್ಬಿಟ್ಟವ್ರೆ."

ಏರಿಯ ಮೇಲೆ ಸಿಕ್ಕಿದ್ದ ದಪ್ಪ ಕಾಗದ ಮತ್ತು ಹುರಿ ಔಟಿನವೇ ಎಂದು ಮುಳಬಾಗಿಲಿನಲ್ಲಿ ಮದ್ದು ಮಾರುವವನು ಗುರುತಿಸಿದ. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಪಂಚರೊಡನೆ ಕೋಲಾರ ಪೇಟೆಯ ಸ್ಟುಡಿಯೋ ಮುಂದೆ ಪೊಲೀಸರು ಇಳಿದರು.

ವೆಂಕಟರಾಯಪ್ಪ ಒಳಗೆ ಒಬ್ಬನೇ ಇದ್ದ. ಗೋಡೆಗಳ ತುಂಬ ಅವನು ತೆಗೆದ ಪಟಗಳಿದ್ದವು. ನಡುವೆ ಹೊಸದೊಂದು ದೊಡ್ಡ ಫೋಟೋ. ಆಂಜಿನಪ್ಪ ಅದರ ಹತ್ತಿರಕ್ಕೆ ಹೋದರು. ಕೆಳಗೆ ಅಲುಗದ ನೀರು, ನಡುವೆ ಜಾಲಿಮರಗಳು, ಮೇಲೆ ಆಕಾಶ ಕಾಣದಷ್ಟು ಕೊಕ್ಕರೆಗಳು, ಒಂದೊಂದರ ರೆಕ್ಕೆಯೂ ಒಂದೊಂದು ಬಗೆಯಾಗಿ ಬಿಚ್ಚಿಕೊಂಡು.

"ಬಹಳ ಚೆನ್ನಾಗಿದೆ," ಎಂದರು ಚನ್ನರಾಯಪ್ಪ. ಅದು ಬಲೆಯ ಮಾತಾಗಿರಲಿಲ್ಲ.

"ಮೈಸೂರಿನ ಪ್ರದರ್ಶನಕ್ಕೆ ಕಳಿಸೋಣ ಅಂತ, ಸಾರ್."

"ಹಕ್ಕಿಗಳು ತಾವಾಗಿಯೇ ಎದ್ದವೇ?"

"ಎದ್ದವು."

"ಎಲ್ಲವೂ?"

"ಎಲ್ಲವೂ, ಸಾರ್."

ಚನ್ನರಾಯಪ್ಪ ಬೆರಳಿನಿಂದ ಒಂದು ಮರದ ನಡುಕೊಂಬೆಯನ್ನು ತೋರಿಸಿದರು. ಕೊಂಬೆಗಳ ಜಾಲದ ನಡುವೆ ಸಣ್ಣ ಕಪ್ಪು ಮುದ್ದೆಯೊಂದು ಕೂತಿತ್ತು. "ಇದು ಮಾತ್ರ ಎದ್ದಿಲ್ಲ. ಯಾವ ಹಕ್ಕಿ?"

"ನೀರುಕಾಗೆ."

"ಊರೆಲ್ಲ ನಡುಗುವ ಸದ್ದಾಗಿದೆ. ಇಷ್ಟೊಂದು ಹಕ್ಕಿ ಮರಿ ಬಿಟ್ಟು ಹಾರಿವೆ. ನೀರುಕಾಗೆ ಒಂದೇ ಅಲ್ಲಾಡದೆ ಕೂತಿದೆ. ಭೂತಗಾಜು ತನ್ನಿ."

ವೆಂಕಟರಾಯಪ್ಪ ನೆಗೆಟಿವ್ ತಿದ್ದುವ ಭೂತಗಾಜನ್ನು ತಂದ. ಕೊಡದೆ ತಾನೇ ಬಗ್ಗಿ ನೋಡಿದ. ಕಪ್ಪು ಮುದ್ದೆಯ ಕೆಳಗೆ, ತೊಗಟೆಯ ಬಣ್ಣಕ್ಕೇ ಸೇರಿಹೋದ ಹಾಗೆ, ಒಂದು ಬರಿ ತೋಳು ಕೊಂಬೆಯನ್ನು ಬಳಸಿ ಹಿಡಿದಿತ್ತು.

"ಕೆಂಪು ರುಮಾಲು," ಎಂದರು ಚನ್ನರಾಯಪ್ಪ. "ನಿಮ್ಮ ಪ್ಲೇಟಿಗೆ ಕೆಂಪು ಹೇಗೆ ಕಾಣುತ್ತದೆಂದು ನಾನು ನಿಮಗೆ ಹೇಳಬೇಕೇ?"

ವೆಂಕಟರಾಯಪ್ಪ ಬಗ್ಗಿದವನು ಏಳಲಿಲ್ಲ. ಹಾಗೆಯೇ ಹೇಳಿದ.

"ಬಂದವರಿಗೆಲ್ಲಾ ನಾನೇ ಹೇಳ್ತೀನಿ ಸಾರ್, ಕೆಂಪು ಉಟ್ಕೊಂಡು ಬರಬೇಡಿ ಅಂತ. ಮೂರು ದಿನದಿಂದ ಈ ಪಟದ ಮುಂದೆ ಕೂತಿದ್ದೀನಿ. ನೀರುಕಾಗೆ ಅಂತಲೇ ನೋಡ್ತಿದ್ದೆ. ಬೇರೆ ಏನೋ ಇರಬಹುದು ಅಂತ ಕಣ್ಣು ಆ ಕಡೆ ಹೋಗಲೇ ಇಲ್ಲ. ನಾನೇ ಬಿಡಲಿಲ್ಲವೋ ಏನೋ."

"ಔಟು ಹಚ್ಚಿದವರು ನೀವೇ?"

"ನಾನೇ."

"ಗಂಗುಲಪ್ಪ ಒಪ್ಪಿದ್ದನೇ?"

"ಇಲ್ಲ. ಬೆಳಿಗ್ಗೆ ಕೇಳಿದ್ದೆ, ಒಂದು ಸಲ ಚಪ್ಪಾಳೆ ಹೊಡಿ, ಹಕ್ಕಿ ಏಳಲಿ ಅಂತ. ಕೈ ಮುಗಿದುಬಿಟ್ಟ. ಅವನು ತೂಬಿನ ಕಡೆ ಹೋದಾಗ ಹಚ್ಚಿದೆ. ಹಕ್ಕಿ ಎದ್ದವು. ಗೂಡಿಂದ ಮರಿಗಳು ನೀರಿಗೆ ಉದುರಿದವು. ಅಷ್ಟೊಂದು ಬೀಳ್ತಾವೆ ಅಂತ ನನಗೆ ಗೊತ್ತಿರಲಿಲ್ಲ ಸಾರ್. ಅವನು ಓಡಿ ಬಂದ. ನನ್ನ ಕಡೆ ಒಂದು ಸಲ ನೋಡಿದ, ಬಯ್ಯಲಿಲ್ಲ. ನೀರಿಗೆ ಬಿದ್ದು ಈಜಿಕೊಂಡು ಮರದ ಕಡೆ ಹೋದ. ಹಕ್ಕಿಗಳು ಮೇಲೆ ಸುತ್ತುತ್ತಲೇ ಇದ್ದವು. ನಾನು ಬಟ್ಟೆಯೊಳಕ್ಕೆ ತಲೆ ಹಾಕಿದೆ. ಹೊರಗೆ ಬಂದಾಗ ಅವನು ಕಾಣಲಿಲ್ಲ. ಆಚೆ ದಡಕ್ಕೆ ಹೋದ ಅಂದುಕೊಂಡೆ."

"ಕೂಗಿದ್ದು ಕೇಳಿತೇ?"

"ಇಲ್ಲ," ಎಂದ ವೆಂಕಟರಾಯಪ್ಪ. ತುಸು ಬೇಗನೆ ಎಂದ.

ಗಾಜಿನ ಪ್ಲೇಟನ್ನೂ ಫೋಟೋವನ್ನೂ ಪಂಚರ ಮುಂದೆ ಜಪ್ತಿ ಮಾಡಲಾಯಿತು. ದುಡುಕು ಮತ್ತು ನಿರ್ಲಕ್ಷ್ಯದಿಂದ ಮರಣವುಂಟುಮಾಡಿದ್ದು, ನಿಜ ಮುಚ್ಚಿಟ್ಟು ಸುಳ್ಳು ಹೇಳಿದ್ದು, ಈ ಆರೋಪಗಳ ಮೇಲೆ ವೆಂಕಟರಾಯಪ್ಪನನ್ನು ದಸ್ತಗಿರಿ ಮಾಡಿದರು. ಬಾಗಿಲು ಹಾಕುವಾಗ ಅವನು ಬೀಗದ ಕೈಯನ್ನು ಆಂಜಿನಪ್ಪನವರ ಕೈಯಲ್ಲಿಟ್ಟ.

*

ಮಾರನೆಯ ದಿನ ಸ್ಥಳ ತೋರಿಸಲು ಆರೋಪಿಯನ್ನು ಕೊಂಗಸಂದ್ರಕ್ಕೆ ಕರೆತಂದರು. ಸುದ್ದಿ ಮೊದಲೇ ತಲುಪಿತ್ತು. ಊರೆಲ್ಲ ಏರಿಯ ಮೇಲೆ ಸೇರಿತ್ತು, ಆದರೆ ಒಂದು ಪಿಸುಮಾತೂ ಇರಲಿಲ್ಲ. ಗೂಡುಗಳಿಗೆ ಕೊಕ್ಕರೆಗಳು ಮರಳಿದ್ದವು. ಕೆಲವು ಗೂಡುಗಳು ಬರಿದಾಗಿದ್ದವು.

ವೆಂಕಟರಾಯಪ್ಪ ಔಟು ಇಟ್ಟ ಜಾಗ, ಕ್ಯಾಮೆರಾ ನಿಲ್ಲಿಸಿದ ಜಾಗ ತೋರಿಸಿದ. ಬರೆಯುವ ಕಾನ್‌ಸ್ಟೇಬಲ್ ಬರೆದುಕೊಂಡ. ಪಟೇಲ್ ಮುನಿರಾಮಪ್ಪ ಮುಂದೆ ಬಂದರು.

"ಔಟು ಹಾರ್ಸಿದ್ದು ಇವ್ರು ಅಂತ ಒಪ್ಕೊಂಡ್ವಿ, ಸಾರ್. ಆದ್ರೆ ಮಡಿಲಲ್ಲಿ ಮರಿ ಇತ್ತಲ್ಲ, ಅದೊಂದು…" ಹಿಂದೆ ನಿಂತ ಊರಿನವರತ್ತ ನೋಡಿದರು. "ಜನ ಕೇಳ್ತಾವ್ರೆ. ಗಲಾಟೇಲಿ ಎತ್ಕೊಂಡ್ನೇನೋ ಅಂತ."

ಆಗ ಮುತ್ಯಾಲಮ್ಮ ಜನರನ್ನು ಬಿಡಿಸಿಕೊಂಡು ಬಂದಳು. ಬಯ್ಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಆಂಜಿನಪ್ಪ ಅಡ್ಡ ನಿಂತರು. ಅವಳು ಅವರನ್ನು ಮೆಲ್ಲಗೆ ಸರಿಸಿ, ಕೋಳ ತೊಟ್ಟವನ ಎದುರು ನಿಂತಳು.

"ಸಾಮಿ, ನನ್ ಗಂಡ ಕೂಗಿದ್ನಾ?"

ವೆಂಕಟರಾಯಪ್ಪ ನೀರಿನ ಕಡೆ ನೋಡಿದ.

"ಹೆದ್ರುಬೇಡಿ. ನಿಮ್ನ ಏನೂ ಅನ್ನಲ್ಲ. ಕಡೇ ಮಾತು ಏನಂದ ಅಂತ ಗೊತ್ತಾಗ್ಬೇಕು ನಂಗೆ. ಕೇಳಿಸ್ಕೊಂಡೋರು ನೀವೊಬ್ರೇ ಇರೋದು."

"ಕೂಗಿದ," ಎಂದ ವೆಂಕಟರಾಯಪ್ಪ.

ಚನ್ನರಾಯಪ್ಪ ತಲೆಯೆತ್ತಿದರು. ಬರೆಯುತ್ತಿದ್ದ ಕಾನ್‌ಸ್ಟೇಬಲ್ ನಿಲ್ಲಿಸಿದ.

"ಏನಂತ?"

"'ಸಾಮೀ, ಕೊಂಬೆ ಕುಸೀತೈತೆ, ಗೂಡು ಕೈಗೆ ಸಿಗ್ತಿಲ್ಲ. ಮಡಿಲಲ್ಲಿ ಮರಿ ಐತೆ, ಜೀವ ಐತೆ. ತೆಪ್ಪ ತಳ್ಳಿ, ಇದನ್ನ ಇಸ್ಕೊಳ್ಳಿ' ಅಂದ. ನಾನು ಬಟ್ಟೆಯೊಳಗೇ ಇದ್ದೆ, ತಾಯಿ. ಒಂದೇ ಒಂದು ನಿಮಿಷ ಅಂದೆ. ಬಾಯಿಬಿಟ್ಟು ಅಂದೆ. 'ಒಂದ್ನಿಮಿಷ ಇರಪ್ಪಾ' ಅಂತ. ಅವನು ಆಗಲಿ ಸಾಮಿ ಅಂದ."

ಯಾರೋ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು.

ಮುತ್ಯಾಲಮ್ಮ ಪಟೇಲರ ಕಡೆ ತಿರುಗಿದಳು. "ಕೇಳಿಸ್ಕೊಂಡ್ರಾ, ಗೌಡ್ರೇ?"

ಮುನಿರಾಮಪ್ಪ ತಲೆಯ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು, ಏರಿ ಇಳಿದು, ರಸ್ತೆಯಾಚೆಯ ಬಂಜರಿನ ಕಡೆ ಒಬ್ಬರೇ ನಡೆದರು. ಸ್ವಲ್ಪ ಹೊತ್ತು ಜನ ನೋಡುತ್ತ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಅವರ ಹಿಂದೆ ಹೋದರು. ಮುತ್ಯಾಲಮ್ಮ ಹೋಗಲಿಲ್ಲ. ನಾಲ್ಕು ದಿನದ ಮೇಲೆ ಮೊದಲ ಸಲ ಏರಿಯ ಮೇಲೆ ಕೂತು ಜೋರಾಗಿ ಅತ್ತಳು. ಮರಿಕಟ್ಟಿನ ಕಾಲವೆಂದು ಅವಳನ್ನು ಯಾರೂ ಸುಮ್ಮನಿರಿಸಲಿಲ್ಲ.

*

ಜನವರಿ 30ರಂದು ವೆಂಕಟರಾಯಪ್ಪ ತಾನಾಗಿಯೇ ಕೇಳಿಕೊಂಡು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ. ಮರಿಕಟ್ಟಿನ ವಿಷಯ ತನಗೆ ತಿಳಿದಿತ್ತು ಎಂದ. ಔಟನ್ನು ಕೋಲಾರದಿಂದಲೇ ಪೆಟ್ಟಿಗೆಯಲ್ಲಿ ತಂದಿದ್ದೆ, ಅಂದರೆ ಅಲ್ಲಿಗೆ ಹೋಗುವ ಮುಂಚೆಯೇ ಮನಸ್ಸು ಮಾಡಿಯಾಗಿತ್ತು ಎಂದ. ಏಕೆ ಹಾಗೆ ಮಾಡಿದೆ ಎಂದು ಕೇಳಿದಾಗ ಹೇಳಿದ:

"ನನ್ನನ್ನ ಯಾರೂ ಮದುವೆಗೆ ಕರೆಯಲ್ಲ ಸ್ವಾಮಿ. ಹೆಣದ ಫೋಟೋದವನು ಅಂತಾರೆ. ಹಸುಗೂಸು ಸತ್ತರೆ ಕರೀತಾರೆ, ಮುದುಕರು ಸತ್ತರೆ ಗೋಡೆಗೆ ಒರಗಿಸಿ ಕೂರಿಸಿ ಕರೀತಾರೆ, ಪೊಲೀಸಿನವರು ಕರೀತಾರೆ. ನನ್ನ ಕ್ಯಾಮೆರಾ ಮುಂದೆ ಅಲ್ಲಾಡೋದು ಅಂತ ಏನೂ ಬಂದಿರಲಿಲ್ಲ. ಒಂದು ಪಟ, ಎಲ್ಲಾ ಜೀವ ಇರೋದು, ಎಲ್ಲಾ ಹಾರ್ತಿರೋದು, ಒಂದು ಸಲ ಮಾಡಿಬಿಡಬೇಕು ಅನ್ನಿಸಿತ್ತು."

ಗುಮಾಸ್ತರು ಬರೆದುಕೊಂಡು, ಓದಿ ಹೇಳಿ, ಸಹಿಗೆಂದು ಕಾಗದ ಮುಂದಿಟ್ಟರು. ವೆಂಕಟರಾಯಪ್ಪ ಲೇಖನಿ ಹಿಡಿದವನು ಕೆಳಗಿಟ್ಟು, ಇನ್ನೊಂದು ಸಾಲು ಸೇರಿಸಬೇಕೆಂದು ಕೇಳಿಕೊಂಡ. ಅದನ್ನು ಅವನಿಂದ ಯಾರೂ ಕೇಳಿರಲಿಲ್ಲ. ಕೇಸಿಗೆ ಬೇಕೂ ಇರಲಿಲ್ಲ. ಮ್ಯಾಜಿಸ್ಟ್ರೇಟರು ಒಪ್ಪಿದರು.

"ನಾನು ಬಟ್ಟೆಯಿಂದ ಹೊರಗೆ ಬಂದು, ಪ್ಲೇಟು ಭದ್ರ ಮಾಡಿ, ಕ್ಯಾಮೆರಾ ಬಿಚ್ಚಿ, ಮುಕ್ಕಾಲಿ ಮಡಿಚಿ ಹೆಗಲಿಗೆ ಹಾಕಿಕೊಳ್ಳುವವರೆಗೂ ಮರದ ಕೆಳಗಿನ ನೀರು ಅಲ್ಲಾಡುತ್ತಿತ್ತು."